ಫೋಟೋದಲ್ಲಿ ಕಾರು ಓಡಿಸುವವಳು

ಸಣ್ಣ ಕಾರನ್ನು ದೊಡ್ಡದಾಗಿ ತೋರಿಸುವುದು ಹೇಗೆ ಎಂದು ನನ್ನ ಅಣ್ಣನನ್ನು ಕೇಳಿ ನೋಡಿ. ಬೆಳಕು, ಕೋನ, ಲೆನ್ಸು ಎಂದು ಏನೇನೋ ಹೇಳುತ್ತಾನೆ. ಎಲ್ಲ ಬುರುಡೆ. ನಿಜವಾದ ಗುಟ್ಟು ನಾನು. ನಾನು ಕುಳ್ಳಿ. ಸುಮ್ಮನೆ ಮಾತಿಗೆ ಹೇಳುವ ಕುಳ್ಳಿಯಲ್ಲ. ಬಸ್ಸಿನ ಮೇಲಿನ ಕಂಬಿ ನನ್ನ ಕೈಗೆ ಇವತ್ತಿನವರೆಗೆ ಸಿಕ್ಕಿಲ್ಲ. ಚೋಟುದ್ದ ಇದ್ದೇನೆಂದು ಮನೆಯಲ್ಲಿ ನನ್ನನ್ನು ಚೋಟಿ ಎಂದೇ ಕರೆಯುತ್ತಾರೆ. ನನ್ನನ್ನು ಒಳಗೆ ಕೂರಿಸಿದರೆ ಎಂಥ ಡಬ್ಬಾ ಕಾರೂ ಅರಮನೆಯಾಗಿಬಿಡುತ್ತದೆ. ಹಳೆ ಕಾರು ಕೊಂಡು ಮಾರುವ ಅಣ್ಣ ವ್ಯಾಪಾರ ಶುರು ಮಾಡಿದ ಹೊಸತರಲ್ಲೇ ಇದನ್ನು ಪತ್ತೆ ಹಚ್ಚಿದ. ಅಂದಿನಿಂದ ಪೇಪರಿನಲ್ಲಿ ಬರುವ ಅವನ ಜಾಹೀರಾತುಗಳಲ್ಲೆಲ್ಲ ಸ್ಟಿಯರಿಂಗ್ ಹಿಡಿದು ಹಲ್ಲು ಕಿರಿಯುತ್ತಿರುವ ಹೆಂಗಸು ನಾನೇ.

ಹಲ್ಲು ಕಿರಿಯುವುದಕ್ಕೇನು, ಯಾರು ಬೇಕಾದರೂ ಕಿರಿಯಬಹುದು. ಕಾರು ಓಡಿಸಲು ಮಾತ್ರ ನನಗೆ ಬರುತ್ತಿರಲಿಲ್ಲ. ತಲೆ ಗಾಜಿನಲ್ಲಿ ಕಾಣಬೇಕಲ್ಲ, ಅದಕ್ಕೆ ಅಣ್ಣ ಸೀಟಿನ ಮೇಲೊಂದು ದಪ್ಪ ದಿಂಬು ಹಾಕಿ ನನ್ನನ್ನು ಕೂರಿಸುತ್ತಿದ್ದ. ಕೆಳಗೆ ಎರಡೂ ಕಾಲು ನೇತಾಡುತ್ತಿರುತ್ತಿದ್ದವು. ಕಾಲು ಫೋಟೋದಲ್ಲಿ ಬೀಳುವುದಿಲ್ಲವಲ್ಲ, ಹಾಗಾಗಿ ಅವನಿಗೆ ಅದರ ಚಿಂತೆ ಇರಲಿಲ್ಲ.

ನನ್ನ ಕೆಲಸ ಕನ್ನಡಕದ ಅಂಗಡಿಯಲ್ಲಿ. ಗಿರಾಕಿಯ ಮೂಗು, ಕಿವಿ ನೋಡಿಕೊಂಡು ಫ್ರೇಮು ಬಗ್ಗಿಸಿ ಕೂರಿಸುತ್ತೇನೆ. ಅಷ್ಟು ಹತ್ತಿರ ಹೋದಾಗ ಜನ ನನ್ನ ಮುಖ ಗುರುತು ಹಿಡಿಯುತ್ತಾರೆ. "ನೀವು ಆ ಕಾರಿನವರು ಅಲ್ವಾ?" ಎನ್ನುತ್ತಾರೆ. ಒಮ್ಮೆ ಒಬ್ಬರು ಅಜ್ಜಿ, "ನಿಮ್ಮ ಹತ್ರ ಇರೋದ್ರಲ್ಲಿ ಏರು ಹತ್ತೋಕೆ ಯಾವ್ದು ಒಳ್ಳೇದು ತಾಯಿ? ನಮ್ಮ ಮಗ ಹುಡುಕ್ತಿದಾನೆ" ಎಂದು ಕೇಳಿದರು. ನಾನೂ ಅಣ್ಣನ ಜಾಹೀರಾತಿನ ಭಾಷೆಯಲ್ಲೇ ಪಟಪಟ ಉತ್ತರ ಕೊಟ್ಟೆ. ಅವರು ತಲೆದೂಗಿದರು. ಸಂಜೆ ನಾನು ಬಸ್ ಸ್ಟಾಪಿನಲ್ಲಿ ನಿಂತಿದ್ದಾಗ ಅದೇ ಅಜ್ಜಿ ಮಗನ ಜೊತೆ ಆಟೋದಲ್ಲಿ ಹಾದುಹೋದರು. ಕಣ್ಣಿಗೆ ಹೊಸ ಕನ್ನಡಕ ಬೇರೆ, ನಾನೇ ಹಾಕಿ ಕಳಿಸಿದ್ದು. ನನ್ನನ್ನು ನೋಡಿದರು, ಬಸ್ ಸ್ಟಾಪನ್ನು ನೋಡಿದರು, ಮತ್ತೆ ನನ್ನನ್ನು ನೋಡಿದರು. ನನಗೆ ನಾಚಿಕೆಯಿಂದ ನೆಲ ಬಿರಿಯಬಾರದೇ ಎನ್ನಿಸಿತು.

ಮರುವಾರವೇ ಡ್ರೈವಿಂಗ್ ಶಾಲೆಗೆ ಸೇರಿದೆ. ಅಣ್ಣನಿಗೆ ಹೇಳಲಿಲ್ಲ. ಹೇಳಿದ್ದರೆ, "ನಿಂಗ್ಯಾಕೆ ಆ ತಲೆನೋವು, ನಾನಿಲ್ವಾ?" ಎನ್ನುತ್ತಿದ್ದ. ಅಮ್ಮ ಹೋದಾಗಿನಿಂದ ಅವನು ಹೇಳಿಕೊಂಡು ಬಂದ ಮಾತು ಇದು. ದಿನದ ಕೆಲಸಕ್ಕೆ ಮಾತ್ರ ಬಸ್ಸು. ಉಳಿದಂತೆ ಹಲ್ಲಿನ ಡಾಕ್ಟರ ಹತ್ತಿರ, ಬ್ಯಾಂಕಿಗೆ, ಗೆಳತಿಯ ಮನೆಗೆ, ಎಲ್ಲಿಗೇ ಆದರೂ ಅವನೇ ಬಿಟ್ಟು ಅವನೇ ಕರೆದುಕೊಂಡು ಬರಬೇಕು. ಅವನಿಗೆ ಪುರುಸೊತ್ತಿಲ್ಲದ ದಿನ ನನಗೆ ಹಲ್ಲುನೋವೂ ಇರಬಾರದು. ಅವನ ಪ್ರೀತಿಯಲ್ಲಿ ಎಳ್ಳಷ್ಟೂ ಕೊರತೆಯಿಲ್ಲ, ಕಷ್ಟ ಇರುವುದೇ ಅಲ್ಲಿ. ಕೆಟ್ಟವನಾಗಿದ್ದರೆ ಒಂದು ದಿನ ಕೂಗಾಡಿ ಬಿಡುಗಡೆ ಪಡೆಯಬಹುದಿತ್ತು.

ಡ್ರೈವಿಂಗ್ ಮೇಷ್ಟ್ರು ನನ್ನನ್ನು ನೋಡಿದ್ದೇ ನಕ್ಕುಬಿಟ್ಟರು. "ಅಷ್ಟೊಂದು ಕಾರು ಇಟ್ಕೊಂಡು ನಮ್ಮ ಹತ್ರ ತಮಾಷೆ ಮಾಡೋಕೆ ಬಂದ್ರಾ?" ಎಂದರು. ಅವರಿಗೆ ನಿಜ ಸಂಗತಿ ಮನವರಿಕೆ ಮಾಡಿಸುವುದೇ ಮೊದಲ ಪಾಠವಾಯಿತು. ಆಮೇಲೆ ಬೆನ್ನಿಗೆ ದಿಂಬು, ಕೆಳಗೆ ದಿಂಬು, ಕಾಲ್ಬೆರಳ ತುದಿಯಲ್ಲಿ ಕ್ಲಚ್. ಸೊಂಟ ಬಿದ್ದುಹೋಗುತ್ತಿತ್ತು. ಅಂತೂ ಇಂತೂ ಲೈಸೆನ್ಸ್ ಬಂತು. "ನಿಮಗೆ ಕೈ ಇದೆ, ಧೈರ್ಯ ಇದೆ. ನಿಮ್ಮ ಅಳತೆಯ ಕಾರು ಮಾತ್ರ ಇನ್ನೂ ಹುಟ್ಟಿಲ್ಲ" ಎಂದು ಮೇಷ್ಟ್ರು ಬೀಳ್ಕೊಟ್ಟರು. ಲೈಸೆನ್ಸನ್ನು ಬಟ್ಟೆಯ ಬೀರುವಿನಲ್ಲಿಟ್ಟು ನಾನು ಮತ್ತೆ ಬಸ್ಸು ಹತ್ತಿದೆ.

ಆ ಅಳತೆಯ ಕಾರು ಹುಟ್ಟಿಯೇ ಇತ್ತು, ಮೇಷ್ಟ್ರಿಗೆ ಗೊತ್ತಿರಲಿಲ್ಲ ಅಷ್ಟೇ. ಒಂದು ಶನಿವಾರ ಫೋಟೋಕ್ಕೆಂದು ಅಣ್ಣ ಮಾರುವ ಕಾರು ನಿಲ್ಲಿಸುವ ಅಂಗಳಕ್ಕೆ ಹೋದರೆ ಸಾಲಿನ ಕೊನೆಯಲ್ಲಿ ಅದು ನಿಂತಿತ್ತು. ದುಂಡು ಕಣ್ಣಿನಂಥ ದೀಪಗಳು, ತಿಳಿಹಸಿರು ಮೈ, ಕೆನೆಬಣ್ಣದ ಚಾವಣಿ, ಹೊಳೆಯುವ ಬಂಪರ್. ಒಳಗೆ ಒಂದೇ ಒಂದು ದೊಡ್ಡ ಗಡಿಯಾರದಂಥ ಮೀಟರು, ಪಕ್ಕದಲ್ಲಿ ದಂತದ ಗುಂಡಿಗಳಂತೆ ಕಾಣುವ ಪ್ಲಾಸ್ಟಿಕ್ ಗುಂಡಿಗಳು. ನೋಡಲು ಅಜ್ಜನ ಕಾಲದ್ದು. ಬಾನೆಟ್ ಎತ್ತಿದರೆ ಎಲ್ಲರ ಕಾರಿನಲ್ಲೂ ಇರುವ ಮಾಮೂಲಿ ಎಂಜಿನ್ನು. ಯಾವುದೋ ಕಾರ್ಖಾನೆ ಹುಕಿ ಬಂದು ಕೆಲವನ್ನೇ ಮಾಡಿ ಕೈಬಿಟ್ಟಿತ್ತಂತೆ. ಹೆಸರು ಕೇಳಿದವರೇ ಇಲ್ಲ.

"ಇದಕ್ಕೆ ಏನ್ ಬರೀತೀಯ?" ಎಂದು ಕೇಳಿದೆ.

"ಆ ಕಾಲದ ಸೊಗಸು, ಈ ಕಾಲದ ಸುಖ" ಎಂದ ಅಣ್ಣ. ಆಗಲೇ ಬರೆದಿಟ್ಟಿದ್ದ.

"ಯಾವ ಕಾಲ? ಇದು ಆ ಕಾಲವನ್ನ ನೋಡೇ ಇಲ್ವಲ್ಲೋ."

"ಕೊಳ್ಳೋರೂ ನೋಡಿಲ್ಲ, ಬಿಡು. ನೋಡದೇ ಇರೋದಕ್ಕೇ ಜನ ಜಾಸ್ತಿ ಆಸೆಪಡೋದು."

ಅಣ್ಣ ಒಮ್ಮೊಮ್ಮೆ ಹೀಗೆ ತಟಕ್ಕನೆ ದೊಡ್ಡ ಮಾತಾಡಿಬಿಡುತ್ತಾನೆ, ತನಗೇ ಗೊತ್ತಿಲ್ಲದೆ. ಇಂಥ ಕಾರುಗಳಿಗೆಂದೇ ಅವನ ಹತ್ತಿರ ಬೇರೆ ಸಾಮಾನು ಇರುತ್ತದೆ. ಹಿಂದಿನ ಸೀಟಿಗೆ ಒಂದು ಚರ್ಮದ ಪೆಟ್ಟಿಗೆ, ನನ್ನ ತಲೆಗೊಂದು ಅಗಲ ಟೋಪಿ, ಕತ್ತಿಗೊಂದು ಚುಕ್ಕಿ ಸ್ಕಾರ್ಫು. ಪೆಟ್ಟಿಗೆ ಖಾಲಿ, ಟೋಪಿ ಅತ್ತಿಗೆಯದು. ಅದನ್ನೆಲ್ಲ ಹೊಂದಿಸಿ, ಅಭ್ಯಾಸಬಲದಿಂದ ದಿಂಬು ಹಾಕಿ ನನ್ನನ್ನು ಕೂರಿಸಿದ. ತಲೆ ಚಾವಣಿಗೆ ಢಬ್ ಎಂದು ಬಡಿಯಿತು. ಕ್ಯಾಮೆರಾದಲ್ಲಿ ನೋಡಿ ಅವನ ಮುಖ ಹುಳ್ಳಗಾಯಿತು. "ಏನಿದು, ನೀನು ಕೂತ್ರೂ ಕಾರು ಗೂಡಿನ ಥರ ಕಾಣ್ತಿದೆಯಲ್ಲ" ಎಂದ.

ದಿಂಬು ಕಿತ್ತು ಹೊರಗೆಸೆದೆ. ಬರೀ ಸೀಟಿನ ಮೇಲೆ ಕೂತೆ. ಗಾಜಿನಾಚೆ ಇಡೀ ಅಂಗಳ ಕಂಡಿತು, ಗೇಟು ಕಂಡಿತು, ಗೇಟಿನಾಚೆಯ ರಸ್ತೆಯೂ ಕಂಡಿತು. ಸುಮ್ಮನೆ ಕಾಲು ಚಾಚಿದೆ. ಎಡಗಾಲ ಪಾದ ಪೂರ್ತಿಯಾಗಿ ಕ್ಲಚ್ಚಿನ ಮೇಲೆ ಕೂತಿತು. ಬಲಗಾಲೂ ಹಾಗೆಯೇ. ನಾನು ಬೇರೆಯವರಿಗೆ ಫ್ರೇಮು ಕೂರಿಸುವಾಗ ಅದು ಕಿವಿಯ ಹಿಂದೆ ಸರಿಯಾಗಿ ಕೂತ ಕ್ಷಣ ಅವರ ಮುಖ ಸಡಿಲಾಗುತ್ತದೆ. ನನ್ನದೂ ಹಾಗೇ ಆಗಿರಬೇಕು. ಅಣ್ಣ ಕ್ಲಿಕ್ಕಿಸಿದ.

"ಹಾ, ಇದು ನೋಡು ನಗು" ಎಂದ. "ಇಷ್ಟು ವರ್ಷ ಎಲ್ಲಿ ಬಚ್ಚಿಟ್ಟಿದ್ದೆ ಇದನ್ನ?"

ಆ ನಗುವೇ ನನಗೆ ಮುಳುವಾಯಿತು. ಬೇರೆ ಜಾಹೀರಾತು ಬಂದ ದಿನ ಅಣ್ಣನಿಗೆ ಅಪರೂಪಕ್ಕೆ ಫೋನು ಬರುತ್ತಿತ್ತು. ಇದು ಬಂದ ದಿನ ಅವನಿಗೆ ಊಟಕ್ಕೆ ಕೂರಲು ಬಿಡುವಾಗಲಿಲ್ಲ. ಅಷ್ಟೂ ವರ್ಷ ಸುಳ್ಳು ನಗು ನಕ್ಕು ಅವನ ಕಾರುಗಳನ್ನು ಮಾರಿಕೊಟ್ಟೆ. ಒಂದೇ ಒಂದು ಸಲ ಮನಸಾರೆ ನಕ್ಕಿದ್ದಕ್ಕೆ ನನ್ನ ಕಾರನ್ನೇ ಊರೆಲ್ಲ ಕಿತ್ತುಕೊಳ್ಳಲು ಬಂತು. ನನ್ನ ಕಾರು ಎಂದು ಆಗಲೇ ಮನಸ್ಸಿನಲ್ಲಿ ಅಂದುಕೊಂಡುಬಿಟ್ಟಿದ್ದೆ.

ಅವತ್ತೇ ಅಣ್ಣನ ಮುಂದೆ ನಿಂತು ಹೇಳಿದೆ. "ಆ ಹಸಿರು ಕಾರು ನಂಗೆ ಬೇಕು. ಬೆಲೆ ನಾನೇ ಕೊಡ್ತೀನಿ."

"ಬೆಲೆ ಮಾತು ಯಾಕೆ ಬಂತು" ಎಂದು ಅವನು ನಕ್ಕ. "ತಗೊಂಡು ಏನ್ ಮಾಡ್ತೀಯ ಚೋಟಿ? ಮನೆ ಮುಂದೆ ನಿಲ್ಲಿಸಿ ಧೂಳು ಒರೆಸ್ತೀಯಾ? ಎಲ್ಲಿಗಾದ್ರೂ ಹೋಗ್ಬೇಕು ಅಂದ್ರೆ ಹೇಳು, ನಾನಿಲ್ವಾ?"

ಲೈಸೆನ್ಸಿನ ವಿಷಯ ನಾಲಿಗೆ ತುದಿಗೆ ಬಂತು. ಆದರೆ ನನ್ನನ್ನು ಕರೆದುಕೊಂಡು ಹೋಗಲೆಂದೇ ಎಷ್ಟೋ ಗಿರಾಕಿಗಳನ್ನು ಕಾಯಿಸಿದವನು ಅವನು. ಅವನ ಬೆನ್ನ ಹಿಂದೆ ಕಲಿತೆ ಎಂದು ಗೊತ್ತಾದರೆ ಆ ನಗು ಏನಾಗುತ್ತದೆ ಎಂದು ನೆನೆದೇ ನನಗೆ ಸಂಕಟವಾಯಿತು. "ಸುಮ್ನೆ ಹೇಳ್ದೆ" ಎಂದು ಮನೆಗೆ ಬಂದೆ. ದಿಂಬಿಗೆ ಮುಖ ಕೊಟ್ಟು ಅತ್ತೆ, ನಾಚಿಕೆಯೇನಿಲ್ಲ ಹೇಳಲು.

ಮಾರನೆಯ ದಿನ ನನಗೆ ರಜೆ. ಲೈಸೆನ್ಸನ್ನು ಬೀರುವಿನಿಂದ ತೆಗೆದು ಚೀಲಕ್ಕೆ ಹಾಕಿಕೊಂಡು ಅಂಗಳಕ್ಕೆ ಹೋದೆ. ಹೇಗಾದರೂ ಹೇಳಿಬಿಡುವುದೆಂದು ದಾರಿಯುದ್ದಕ್ಕೂ ಮಾತು ಜೋಡಿಸಿದ್ದೆ. ಅಲ್ಲಿ ಒಬ್ಬರು ಬೇಕರಿಯ ಯಜಮಾನರು ಹಸಿರು ಕಾರಿನ ಸುತ್ತ ಟೇಪು ಹಿಡಿದು ಅಳೆಯುತ್ತಿದ್ದರು.

"ಅಂಗಡಿ ಬಾಗಿಲು ಕಿತ್ರೆ ಒಳಗೆ ಹಿಡಿಸುತ್ತೆ" ಎಂದರು ಅಣ್ಣನಿಗೆ. "ಎಂಜಿನ್ ಕಿತ್ತು ಹಾಕಿಸ್ತೀನಿ, ನೆಲಕ್ಕೆ ಭಾರ. ಡಿಕ್ಕಿ ತುಂಬ ಕೇಕು ಜೋಡಿಸೋದು. ಸ್ಟಿಯರಿಂಗ್ ಹತ್ರ ಒಂದು ಬೊಂಬೆ ಕೂರಿಸಿದ್ರೆ ಮಕ್ಕಳಿಗೆ ಖುಷಿ."

"ಒಳ್ಳೆ ಐಡಿಯಾ" ಎಂದ ಅಣ್ಣ. "ಇಂಥ ಕಾರು ಇರೋದೇ ನೋಡೋಕೆ."

ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಮರೆತೇಹೋಯಿತು. ನೆಟ್ಟಗೆ ಹೋಗಿ ಬಾಗಿಲು ತೆಗೆದು ಕೂತೆ. ಅಣ್ಣನಿಗೆ ಏನೂ ಅನ್ನಿಸಲಿಲ್ಲ. ನಾನು ಆ ಸೀಟಿನಲ್ಲಿ ಕೂರುವುದನ್ನು ಅವನು ನೋಡಿದಷ್ಟು ಯಾರೂ ನೋಡಿಲ್ಲ. "ನಮ್ಮ ತಂಗಿ, ಪೇಪರಲ್ಲಿ ನೋಡಿದ್ರಲ್ಲ" ಎಂದು ಯಜಮಾನರಿಗೆ ಹೆಮ್ಮೆಯಿಂದ ಪರಿಚಯ ಮಾಡಿಕೊಟ್ಟ. ಅವರು ನಮಸ್ಕಾರ ಮಾಡಿದರು. ಬೀಗದ ಕೈ ಅದರಲ್ಲೇ ಇತ್ತು. ತಿರುಗಿಸಿದೆ.

ಕಾರು ಅಲುಗಿದ ಮೇಲೇ ಅಣ್ಣನಿಗೆ ಎಚ್ಚರವಾದದ್ದು. "ಏಯ್ ಚೋಟಿ, ಚೋಟಿ" ಎನ್ನುತ್ತಾ ಓಡಿಬಂದು ಪಕ್ಕದ ಬಾಗಿಲು ತೆಗೆದು ಹೇಗೋ ತೂರಿಕೊಂಡ. ಅವನು ಆರಡಿ ಆಳು. ಮೊಣಕಾಲು ಎರಡೂ ಗದ್ದಕ್ಕೆ ಬಂದವು. ಇಲ್ಲದ ಬ್ರೇಕನ್ನು ಪಾದದಿಂದ ಒತ್ತುತ್ತಾ, "ನಿಲ್ಸು, ಕೀ ತಿರುಗ್ಸು, ಸಾಯ್ತೀವಿ" ಎಂದ. ನಾನು ಗೇಟು ದಾಟಿ ಎಡಕ್ಕೆ ತಿರುಗಿಸಿದೆ. ಎರಡನೇ ಗೇರಿಗೆ ಹಾಕಿದೆ. ಅವನ ಕಣ್ಣು ನನ್ನ ಕೈಗೆ ಹೋಯಿತು, ಆಮೇಲೆ ಕಾಲಿಗೆ. ನನ್ನ ಕಾಲನ್ನು ಅವನು ಬಹುಶಃ ಅವತ್ತೇ ನೋಡಿದ್ದು.

"ಯಾವಾಗ ಕಲ್ತೆ?"

"ಹೋದ ವರ್ಷ. ಚೀಲದಲ್ಲಿ ಲೈಸೆನ್ಸ್ ಇದೆ, ಬೇಕಾದ್ರೆ ನೋಡು."

ಅವನು ನೋಡಲಿಲ್ಲ. ದೊಡ್ಡ ಸರ್ಕಲ್ಲಿನಲ್ಲಿ ಎಂಜಿನ್ನು ಆಫಾಯಿತು. ಹಿಂದಿನಿಂದ ಹಾರನ್ನುಗಳು ಶುರುವಾದವು. ಅಣ್ಣ ಆಗಲೇ ಬಾಗಿಲಿಗೆ ಕೈ ಹಾಕಿ, "ನೀನು ಈ ಕಡೆ ಬಾ, ನಾನು ತಗೊಳ್ತೀನಿ" ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಹೆದರಿಕೆಯಿತ್ತು.

"ಕೂತ್ಕೋ" ಎಂದೆ.

ಹುಟ್ಟಿದಾಗಿನಿಂದ ಅವನಿಗೆ ನಾನು ಹಾಗೆ ಹೇಳಿದವಳಲ್ಲ. ಅವನು ಕೂತ. ಕಾರು ಮತ್ತೆ ಶುರುವಾಯಿತು. ಸರ್ಕಲ್ ದಾಟಿದೆವು.

"ನಂಗೆ ಹೇಳ್ಲೇ ಇಲ್ಲ ನೀನು" ಎಂದ ಅಣ್ಣ.

"ಹೇಳಿದ್ರೆ ಬಿಡ್ತಿದ್ಯಾ?"

ಅವನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಮಡಚಿಕೊಂಡ ಮೈಯಿಂದ ಅದನ್ನು ಹೊರಗೆಳೆಯಲು ಪರದಾಡಿದ. ಬೇಕರಿಯ ಯಜಮಾನರು. ಅವರ ದನಿ ನನಗೂ ಕೇಳುತ್ತಿತ್ತು, ಟೇಪು ಹಿಡಿದು ಅಂಗಳದಲ್ಲೇ ನಿಂತಿದ್ದರು ಪಾಪ.

"ಇಲ್ಲ ಸರ್, ಕ್ಷಮಿಸಿ" ಎಂದ ಅಣ್ಣ. "ಆ ಕಾರು ಹೋಯ್ತು... ಈಗ, ಈಗಷ್ಟೇ... ಇಲ್ಲ, ಅಂಗಡಿಯೋರಲ್ಲ, ಓಡಿಸೋರು."

ಫೋನಿಟ್ಟು ಕಿಟಕಿಯ ಕಡೆ ತಿರುಗಿದ. ನನಗೆ ಕಣ್ಣು ತುಂಬಿ ಬಂತು. ಏನಾದರೂ ಹೇಳೋಣವೆಂದು ಅವನ ಕಡೆ ಮುಖ ತಿರುಗಿಸಿದೆ.

"ನನ್ನ ಯಾಕೆ ನೋಡ್ತೀಯ" ಎಂದ ಅಣ್ಣ. "ರಸ್ತೆ ನೋಡು."