ಅಪ್ಪನ್ನ ಒಂದು ಮಾತು ಕೇಳಿ

ಐವತ್ತಾರು ವರ್ಷದ, ಮೀಸೆಯ ಕೊಟ್ಟಕೊನೆಯ ಕಪ್ಪು ಕೂದಲೂ ರಾಜೀನಾಮೆ ಕೊಟ್ಟುಹೋಗಿದ್ದ ಮನುಷ್ಯ, ಏನು ಕೇಳಿದರೂ "ತಾಳಿ, ಅಪ್ಪನ್ನ ಒಂದು ಮಾತು ಕೇಳಿ ಹೇಳ್ತೀನಿ" ಎಂದರೆ ಎದುರಿಗಿದ್ದವರಿಗೆ ಹೇಗಾಗಬೇಡ? ನನ್ನ ಸೋದರಮಾವ ಹಾಗೆನ್ನುತ್ತಿದ್ದರು. ಮನೆಗೆ ಸುಣ್ಣ ಹೊಡೆಸುವುದಿರಲಿ, ಹಲ್ಲು ಕೀಳಿಸುವುದಿರಲಿ, ಅಪ್ಪನ ಅಪ್ಪಣೆಯಾಗಬೇಕು. ಅವರನ್ನು ಹೆತ್ತ ಅಪ್ಪ, ಅಂದರೆ ನನ್ನ ತಾತ, ತೀರಿಕೊಂಡು ಆಗಲೇ ಮೂವತ್ತು ವರ್ಷ. ಮಾವ ಕೇಳುತ್ತಿದ್ದದ್ದು ಮೇಲಿನವನನ್ನು. ಪಾದ್ರಿಗಳು ಇಸ್ತ್ರಿ ಮಾಡಿದ ಭಾಷೆಯಲ್ಲಿ 'ಪರಲೋಕದ ತಂದೆಯೇ' ಎಂದು ಸಂಬೋಧಿಸುತ್ತಿದ್ದ ಆ ಮಹಾಮಹಿಮನನ್ನು, ಪಕ್ಕದ ಕೋಣೆಯಲ್ಲಿ ಪೇಪರು ಓದುತ್ತ ಕೂತವರನ್ನು ಕರೆದಷ್ಟು ಸಲೀಸಾಗಿ ಅವರು ಅಪ್ಪ ಎನ್ನುತ್ತಿದ್ದರು. ಓಣಿಯವರು ಅವರಿಗೆ 'ಅಪ್ಪನ ಮಗ' ಎಂದೇ ಅಡ್ಡಹೆಸರಿಟ್ಟಿದ್ದರು. "ಸರಿಯಾಗೇ ಇಟ್ಟಿದಾರೆ ಬಿಡು" ಎನ್ನುವುದು ಮಾವನ ಅಭಿಪ್ರಾಯ.

ಅವರ ಕಸುಬು ಲಿಫ್ಟ್ ರಿಪೇರಿ. ಬೇಸಗೆಯಲ್ಲೂ ಬಿಡದ ಕಂದು ಕೋಟು; ಅದರ ಹೊರಜೇಬುಗಳಲ್ಲಿ ಸ್ಪ್ಯಾನರು, ಸ್ಕ್ರೂಡ್ರೈವರು, ಟಾರ್ಚು; ಒಳಜೇಬಿನಲ್ಲಿ, ಪುಟಪುಟಕ್ಕೂ ಗ್ರೀಸಿನ ಹೆಬ್ಬೆಟ್ಟೊತ್ತಿದ ಅಂಗೈಯಗಲದ, ಬೈಬಲಿನ ಹೊಸ ಒಡಂಬಡಿಕೆ. ನಡಿಗೆಯೂ ವಿಲಕ್ಷಣ: ನಾಲ್ಕು ಹೆಜ್ಜೆ ಇಟ್ಟು, ನಿಂತು, ಕತ್ತನ್ನು ಎಡಕ್ಕೆ ವಾಲಿಸಿ, ಏನನ್ನೋ ಆಲಿಸಿ ಮತ್ತೆ ನಾಲ್ಕು ಹೆಜ್ಜೆ. ಜೀವಮಾನವಿಡೀ ಹಗ್ಗ, ಗಾಲಿ, ಮೋಟಾರುಗಳ ನರಳಾಟಕ್ಕೆ ಕಿವಿಗೊಟ್ಟ ಫಲ. ಮುಚ್ಚಿದ ಬಾಗಿಲಿಗೆ ಕಿವಿಯಾನಿಸಿ, "ಮೂರನೇ ಮಹಡಿ ಹತ್ರ ಕೆಮ್ತಾ ಇದೆ" ಎಂದರೆ ಮುಗಿಯಿತು. ಮೂರನೇ ಮಹಡಿಯಲ್ಲೇ ರೋಗ ಸಿಕ್ಕುತ್ತಿತ್ತು.

ಒಮ್ಮೆ ಕಂಪನಿಗೆ ಹೊಸದಾಗಿ ಬಂದ ಮ್ಯಾನೇಜರು ಮಾವನನ್ನು ಕರೆದು, ಸೂಪರ್‌ವೈಸರ್ ಮಾಡುತ್ತೇನೆಂದರು. ಮಾವ ಯಥಾಪ್ರಕಾರ ಅಪ್ಪನನ್ನು ಕೇಳಬೇಕೆಂದರು. ಪಿತೃಭಕ್ತಿಗೆ ಕರಗಿಹೋದ ಮ್ಯಾನೇಜರು, "ಅವರಿಗೆ ಎಷ್ಟು ವಯಸ್ಸು?" ಎಂದು ವಿಚಾರಿಸಿದರು.

"ಸರಿಯಾಗಿ ಗೊತ್ತಿಲ್ಲ ಸಾರ್. ತುಂಬಾ ಹಿಂದಿನವರು."

ಮಾರನೆಯ ದಿನ ಅಪ್ಪನ ಆರೋಗ್ಯಕ್ಕೆಂದು ಒಂದು ಬುಟ್ಟಿ ಸೇಬು ಮನೆಗೆ ಬಂತು. ಅತ್ತೆ ಅದನ್ನು ಭಾನುವಾರ ಚರ್ಚಿನ ಮಕ್ಕಳಿಗೆ ಹಂಚಿ, "ತಿನ್ನಿ, ನಮ್ಮ ಮಾವನೋರ ಹೆಸರಲ್ಲಿ ಬಂದಿದೆ" ಎಂದರಂತೆ. ಮಾವ ಮೂರು ದಿನ ಕಾದು, ಸೂಪರ್‌ವೈಸರ್‌ಗಿರಿ ಬೇಡವೆಂದರು.

"ಅಪ್ಪ ಬೇಡ ಅಂದ್ರಾ ಮಾವ?" ಎಂದು ನಾನು ಕೆಣಕಿದೆ.

"ಏನೂ ಅನ್ನಲಿಲ್ಲ. ಏನೂ ಅನ್ನದಿದ್ರೆ, ಕೈಯಲ್ಲಿರೋ ಕೆಲಸ ಮಾಡು ಅಂತ ಅರ್ಥ."

ಚರ್ಚಿನ ಹಿಂದಿನ ಬೆಂಚಿನಲ್ಲಿ, ಪ್ರಾರ್ಥನೆಗೂ ತೂಕಡಿಕೆಗೂ ಒಂದೇ ಭಂಗಿ ಸಾಕೆಂದು ಕಂಡುಕೊಂಡಿದ್ದ ನನಗೆ ಇದೆಲ್ಲ ತಮಾಷೆಯಾಗಿತ್ತು. ಒಂದು ದಿನ ಕಚೇರಿ ಕಟ್ಟಡವೊಂದರ ಲಿಫ್ಟು ನನ್ನೊಬ್ಬನನ್ನೇ ನುಂಗಿ ಮೂರು–ನಾಲ್ಕನೆಯ ಮಹಡಿಗಳ ನಡುವೆ ನಿಂತುಬಿಟ್ಟಿತು. ರಿಪೇರಿಗೆ ಬಂದವರು ಮಾವನೇ. ಆದರೆ ಮೋಟಾರು ಕೋಣೆಯ ಬೀಗದಕೈ ಮಾಲೀಕರ ಜೇಬಿನಲ್ಲಿ, ಮಾಲೀಕರು ಕ್ಷೌರದಂಗಡಿಯಲ್ಲಿ. ಮಾವ ನಾಲ್ಕನೆಯ ಮಹಡಿಯ ನೆಲದ ಮೇಲೆ ಕೂತು, ಬಾಗಿಲ ಸಂದಿನಿಂದ ಮಾತಾಡತೊಡಗಿದರು.

"ಮಾವ, ಹಗ್ಗ ಹರಿದ್ರೆ?"

"ನಾಲ್ಕು ಹಗ್ಗ ಇದೆ ಕಣೋ. ನಿನ್ನಂಥ ನರಪೇತಲಕ್ಕೆ ಒಂದೇ ಹೆಚ್ಚು."

"ದೇವರನ್ನ ನಂಬು ಅಂತ ಮಾತ್ರ ಈಗ ಹೇಳ್ಬೇಡಿ."

"ಹೇಳಲ್ಲ. ನಂಬೋದು ನಾನು ನಂಬ್ತೀನಿ. ನೀನು ಸುಮ್ನೆ ಕೂತಿರು."

ಕೂತೆ. ಮಾವ ನನ್ನ ಗಮನ ಬೇರೆಡೆ ಸೆಳೆಯಲು ಪಾಠ ಶುರುಮಾಡಿದರು: "ಮೋಟಾರ್ ಒಂದೇ ನಿನ್ನ ಎತ್ತುತ್ತೆ ಅನ್ಕೊಂಡಿದೀಯಾ? ಹಿಂದುಗಡೆ ಗೋಡೆ ಸಂದೀಲಿ ಕಬ್ಬಿಣದ ತೂಕ ಇರುತ್ತೆ. ನೀನು ಮೇಲೆ ಹೋದಾಗೆಲ್ಲ ಅದು ಕೆಳಗೆ ಬರುತ್ತೆ. ಒಳಗೆ ನಿಂತು ಕನ್ನಡೀಲಿ ತಲೆ ಬಾಚ್ಕೊಳ್ಳೋನಿಗೆ ಅದರ ಗೊಡವೆ ಎಲ್ಲಿ." ಮುಕ್ಕಾಲು ಗಂಟೆಯ ಮೇಲೆ ಮಾಲೀಕರು ಅರ್ಧ ಗಡ್ಡದಲ್ಲಿ ಓಡಿಬಂದರು, ಮಾವ ಮೇಲಕ್ಕೆ ಹೋಗಿ ಚಕ್ರ ತಿರುಗಿಸಿ ನನ್ನನ್ನು ಇಳಿಸಿದರು.

ಇಂಥವರ ಕಿವಿಯೇ ಕೈಕೊಟ್ಟಿತು. ಮೊದಲು ಬಲ, ಆಮೇಲೆ ಎಡ. ನಡೆಯುವಾಗ ಕತ್ತು ವಾಲಿಸುವುದನ್ನು ಅವರು ಬಿಟ್ಟಿದ್ದಾರೆಂದು ಮೊದಲು ಗಮನಿಸಿದವರು ಅತ್ತೆ. ಗೊರಗುಟ್ಟುತ್ತಿದ್ದ ಲಿಫ್ಟಿಗೆ ಅವರು 'ಚೆನ್ನಾಗಿದೆ' ಎಂದು ರುಜು ಹಾಕಿ ಬಂದ ದಿನ ಕಂಪನಿಯವರಿಗೂ ತಿಳಿಯಿತು. ಡಾಕ್ಟರು ಎಡಗಿವಿಗೆ ಶಸ್ತ್ರಚಿಕಿತ್ಸೆ ಹೇಳಿದರು. ಕೇಳಿಸಬಹುದು, ಉಳಿದಷ್ಟೂ ಹೋಗಲೂಬಹುದು.

"ಅಪ್ಪನ್ನ ಕೇಳಿದ್ರಾ?" ಎಂದು ಕೂಗಿದೆ.

"ಕೇಳಿದೆ. ಏನೂ ಅನ್ನಲಿಲ್ಲ." ಎಡಗಿವಿಯನ್ನು ಅಂಗೈಯಿಂದ ಉಜ್ಜಿಕೊಂಡು, "ಈ ಸಲ ಅವನು ಸುಮ್ನಿದಾನೋ, ನನಗೇ ಕೇಳಿಸ್ತಿಲ್ಲವೋ, ಅದೇ ಗೊತ್ತಾಗ್ತಿಲ್ಲ ಕಣೋ" ಎಂದರು. ಆ ಮುಖದಲ್ಲಿ ನಾನು ಭಯವನ್ನು ಕಂಡದ್ದು ಅದೇ ಮೊದಲು.

ಶಸ್ತ್ರಚಿಕಿತ್ಸೆಯ ಬೆಳಗ್ಗೆ, ಒಳಗೆ ಕರೆದೊಯ್ಯುವ ಮುನ್ನ, ಮಾವ ಕೋಟು ಬಿಚ್ಚಿ ನನ್ನ ಕೈಗಿತ್ತರು. ಧೈರ್ಯ ಹೇಳಲು ನನ್ನಲ್ಲಿ ಸ್ವಂತದ್ದೇನಿತ್ತು? ಔಷಧಿ ಚೀಟಿಯ ಹಿಂದೆ, 'ನಂಬೋದು ನಾನು ನಂಬ್ತೀನಿ. ನೀವು ಸುಮ್ನೆ ಮಲಗಿ' ಎಂದು ಬರೆದು ಹಿಡಿದೆ. ಮಾವ ಚೀಟಿಯನ್ನು ದೂರ ಹಿಡಿದು ಎರಡು ಸಲ ಓದಿದರು.

"ನಿನ್ನ ನಂಬಿಕೆ ಎಷ್ಟು ಲೋಡು ಎತ್ತುತ್ತೋ?"

ಅವರ ಲಿಫ್ಟುಗಳ ಫಲಕದಲ್ಲಿದ್ದುದನ್ನೇ ಬರೆದೆ: 'ನಾಲ್ಕು ಜನ, ಇನ್ನೂರ ಎಪ್ಪತ್ತೆರಡು ಕೆಜಿ.' ಮಾವ ನಗುತ್ತಲೇ ಒಳಗೆ ಹೋದರು. ನಾನು ಕಾರಿಡಾರಿನಲ್ಲಿ ಆ ಭಾರದ ಕೋಟನ್ನು ತೊಡೆಯ ಮೇಲಿಟ್ಟುಕೊಂಡು, ಮಾತು ಕೊಟ್ಟಾಗಿದೆ, ಆದರೆ ನಂಬುವುದು ಹೇಗೆಂದು ತಿಳಿಯದೆ, "ಅಪ್ಪಾ" ಎಂದು ಒಮ್ಮೆ ಪಿಸುಗುಟ್ಟಿ, ಯಾರಾದರೂ ಕೇಳಿಸಿಕೊಂಡರೇನೋ ಎಂದು ಸುತ್ತ ನೋಡಿದೆ.

ಕಿವಿ ಮರಳಲಿಲ್ಲ. ಮನೆಗೆ ಹೊರಟ ದಿನ ಆಸ್ಪತ್ರೆಯ ಲಿಫ್ಟಿನ ಮುಂದೆ ಮಾವ, ಹಳೆಯ ಅಭ್ಯಾಸದಂತೆ, ನಿಂತರು. ಕತ್ತು ವಾಲಲಿಲ್ಲ. ಅಂಗೈಯನ್ನು ಬಾಗಿಲ ಚೌಕಟ್ಟಿಗೆ ಒತ್ತಿ, ಕಣ್ಣು ಮುಚ್ಚಿ, ಬಹಳ ಹೊತ್ತು ಕಾದರು. "ಕೆಮ್ತಾ ಇದೆ," ಎಂದರು ಕೊನೆಗೆ, "ಎರಡನೇ ಮಹಡಿ ಹತ್ರ." ಆಮೇಲಿನ ದಿನಗಳಲ್ಲಿ ಅಪ್ಪನ ಜೊತೆಗಿನ ಮಾತುಕತೆಯೂ ಹೀಗೆಯೇ ಅಂಗೈಗಿಳಿಯಿತು, ಜಿಡ್ಡು ಹಿಡಿದ ಆ ಪುಟ್ಟ ಪುಸ್ತಕದ ಮೇಲೆ ಕೈಯಿಟ್ಟು ಕಿಟಕಿಯ ಬಳಿ ಕೂತಿರುತ್ತಿದ್ದರು. 'ಏನಂದ್ರು?' ಎಂದು ನಾನು ಚೀಟಿ ಬರೆದರೆ, "ಏನೂ ಇಲ್ಲ. ಇದಾನೆ" ಎನ್ನುತ್ತಿದ್ದರು.

ಮಾವ ಈಗಿಲ್ಲ. ಕೋಟು ನನ್ನಲ್ಲಿದೆ, ಭುಜಕ್ಕೆ ದೊಡ್ಡದು. ಲಿಫ್ಟಿನ ಕನ್ನಡಿಯಲ್ಲಿ ತಲೆ ಬಾಚಿಕೊಳ್ಳುವಾಗ ಒಮ್ಮೊಮ್ಮೆ ಕೈ ನಿಲ್ಲುತ್ತದೆ. ಪ್ರತಿಯೊಂದು ಕುಟುಂಬದಲ್ಲೂ ಬಹುಶಃ ಇಂಥವರೊಬ್ಬರಿರುತ್ತಾರೆ: ಉಳಿದವರ ಪಾಲಿನ ನಂಬಿಕೆಯನ್ನೂ ತಾವೇ ಹೊತ್ತು, ಗೋಡೆಯ ಹಿಂದಿನ ಕತ್ತಲಲ್ಲಿ ಸದ್ದಿಲ್ಲದೆ ಕೆಳಗಿಳಿಯುವವರು. ನಾವು ಮೇಲೇರಿದೆವೆಂದು ಬೀಗುತ್ತೇವೆ.