ಯಜಮಾನ ಹತ್ತದ ಏಣಿ

ಏಣಿ ಮಾಡುವ ಆ ಕಾರ್ಖಾನೆಯಲ್ಲಿ ಅಪ್ಪನ ಕಾಲದಿಂದ ಇದ್ದದ್ದು ಒಂದೇ ಕಟ್ಟಳೆ: ಯಜಮಾನ ತುದಿ ಮೆಟ್ಟಿಲವರೆಗೆ ಹತ್ತಿ ಇಳಿಯದ ಏಣಿ ಬಾಗಿಲು ದಾಟಕೂಡದು. ಅಪ್ಪ ಅರವತ್ತೆಂಟರಲ್ಲೂ ಹತ್ತುತ್ತಿದ್ದರು. ಅವರು ಹೋದ ಮೇಲೆ ಕಾರ್ಖಾನೆ ವಹಿಸಿಕೊಂಡ ಮಗಳು ಹತ್ತಿದಳು, ಮಂಡಿ ನೋವನ್ನು ಕಟ್ಟಿಕೊಂಡೇ. ಹಾಗಾಗಿ ಬೀದಿಗೆಲ್ಲ ಅವಳು ಏಣಿ ಅಕ್ಕ.

ನೆಟ್ಟಗೆ ನಡೆಯುತ್ತಿದ್ದ ಕೆಲಸವನ್ನು ಕೆಡಿಸಲು ಒಬ್ಬ ಬುದ್ಧಿವಂತ ಬೇಕಲ್ಲ, ಅವನನ್ನು ಕಾರ್ಖಾನೆಯಲ್ಲಿ ಅರ್ಧ ಪಾಲಿದ್ದ ಅವಳ ಅಣ್ಣನೇ ಕರೆತಂದ. ಅತ್ತಿಗೆಯ ಒಡಹುಟ್ಟಿದವನು. ವ್ಯಾಪಾರ ನಡೆಸುವುದು ಹೇಗೆಂದು ಊರೂರಿಗೆ ಪಾಠ ಹೇಳುವ ಮಹಾನುಭಾವ. ಸ್ವಂತಕ್ಕೆ ಒಂದು ಗೂಡಂಗಡಿಯನ್ನೂ ನಡೆಸಿದವನಲ್ಲ! ಬಂದ ದಿನವೇ ಗೋಡೆಗೊಂದು ಬಿಳಿ ಬೋರ್ಡ್ ಹಾಕಿಸಿ, ಯಾರು ದಿನಕ್ಕೆ ಎಷ್ಟು ಏಣಿ ಮಾಡಿದರೆಂದು ಬರೆಸಿದ. ಕೆಲಸಗಾರರು ಅವನಿಗೆ 'ಬೋರ್ಡ್ ಭಾವ' ಎಂದು ಹೆಸರಿಟ್ಟರು.

"ಯಜಮಾನರಾದೋರು ಕೆಲಸ ಮಾಡಬಾರದಮ್ಮ, ಮಾಡಿಸಬೇಕು," ಎಂದ ಅವನು. "ನೀನು ದಿನಾ ಇಪ್ಪತ್ತು ಸಲ ಹತ್ತಿ ಇಳಿಯೋ ಹೊತ್ತಿಗೆ ಇನ್ನೊಂದು ಆರ್ಡರ್ ಹಿಡೀಬಹುದು. ಇಪ್ಪತ್ತರಲ್ಲಿ ಒಂದು ಹತ್ತಿ ನೋಡಿದ್ರೆ ಧಾರಾಳ ಆಯ್ತು."

ಅಣ್ಣ ಹೂಂ ಎಂದ. ಮನೆಯಲ್ಲಿ ಯಾಕೆ ರಗಳೆ ಎಂದು ಏಣಿ ಅಕ್ಕನೂ ತಲೆಯಾಡಿಸಿಬಿಟ್ಟಳು. ಅದೇ ಅವಳು ಮಾಡಿದ ತಪ್ಪು.

ಎರಡೇ ವಾರ. ಹತ್ತಿ ನೋಡದೆ ಕಳಿಸಿದ ಒಂದು ಏಣಿಯ ಏಳನೇ ಮೆಟ್ಟಿಲು ಕಿತ್ತುಬಂದು, ಬಣ್ಣ ಬಳಿಯುವವನೊಬ್ಬ ಬಿದ್ದು ಕೈ ಮುರಿದುಕೊಂಡ. ಅಕ್ಕ ಆಸ್ಪತ್ರೆಗೆ ಓಡಿದಳು. ಅವನು ಬೈಯಲಿಲ್ಲ. "ನಿಮ್ಮಲ್ಲಿ ಹತ್ತಿ ನೋಡಿ ಕೊಡ್ತೀರಿ ಅಂತ ನಂಬಿದ್ದೆ ಕಣಮ್ಮ," ಎಂದ, ಅಷ್ಟೆ. ನೆಲ ಬಿರಿದು ತನ್ನನ್ನು ನುಂಗಬಾರದೇ ಎನಿಸಿತು ಅವಳಿಗೆ.

ಮರುದಿನ ಮಧ್ಯಾಹ್ನ ಬೋರ್ಡ್ ಭಾವ ಮೇಜಿನ ಮೇಲೆ ಒಂದು ಕಾಗದ ಇಟ್ಟ. ಮೆಟ್ಟಿಲಜ್ಜಿಯನ್ನು ಕೆಲಸದಿಂದ ತೆಗೆಯುವ ಕಾಗದ. ಅಜ್ಜಿ ಅಲ್ಲಿ ಮೂವತ್ತು ವರ್ಷದಿಂದ ಇರುವವಳು. ತಾನು ಕೂರಿಸಿದ ಒಂದೊಂದು ಮೆಟ್ಟಿಲನ್ನೂ ಸುತ್ತಿಗೆಯಿಂದ ತಟ್ಟಿ, ಕಿವಿಗೊಟ್ಟು ಕೇಳಿ, ಸದ್ದು ಒಪ್ಪದಿದ್ದರೆ ಮುಲಾಜಿಲ್ಲದೆ ಕಿತ್ತು ಬಿಸಾಡುವಳು. ಹಾಗಾಗಿ ಬೋರ್ಡಿನಲ್ಲಿ ಉಳಿದವರ ಎದುರು ಐದೋ ಆರೋ, ಅಜ್ಜಿಯ ಎದುರು ಮೂರು.

"ಸಹಿ ಹಾಕು," ಎಂದ ಅಣ್ಣ. "ಇಲ್ಲಾಂದ್ರೆ ನಾಳೆಯಿಂದ ಕಾರ್ಖಾನೆ ನಾನು ನೋಡ್ಕೋತೀನಿ."

"ಒಬ್ಬನ ಕೈ ಮುರೀತಲ್ಲ, ಅದಕ್ಕೇನಂತೀಯ?"

"ಅದು ಬೋರ್ಡಲ್ಲಿ ಮೊದಲನೇ ನಂಬರಿನವನು ಮಾಡಿದ ಏಣಿ," ಎಂದ ಭಾವ. "ಅವನಿಗೆ ದಂಡ ಹಾಕಿದ್ದೀನಿ."

"ಅವನ್ಯಾಕೆ ಕಟ್ಟಬೇಕು ದಂಡ? ಬೇಗ ಬೇಗ ಅಂತ ಅವನ ಬೆನ್ನು ಹತ್ತಿದೋರು ನೀವು. ಹತ್ತಿ ನೋಡ್ದೆ ಕಳಿಸಿದೋಳು ನಾನು. ತಪ್ಪು ನನ್ನದು!"

ಹದಿನೈದು ದಿನ ನುಂಗಿಕೊಂಡಿದ್ದ ಸಿಟ್ಟು ನೆತ್ತಿಗೇರಿತ್ತು. ಕಾಗದ ಹಿಡಿದುಕೊಂಡೇ ಅವಳು ಅಂಗಳಕ್ಕೆ ನಡೆದಳು. ಕಳಿಸಲು ತಯಾರಾದ ಇಪ್ಪತ್ತು ಏಣಿಗಳು ಗೋಡೆಗೆ ಸಾಲಾಗಿ ಒರಗಿದ್ದವು.

"ಬನ್ನಿ ಭಾವ. ಇಪ್ಪತ್ತರಲ್ಲಿ ಒಂದು ಸಾಕು ಅಂದ್ರಲ್ಲ? ಇಲ್ಲಿ ಇಪ್ಪತ್ತಿವೆ. ನಿಮಗೆ ಬೇಕಾದ ಒಂದೇ ಒಂದು ತುದಿವರೆಗೆ ಹತ್ತಿ ಇಳೀರಿ. ಅಲ್ಲೇ ನಿಂತು ಈ ಕಾಗದಕ್ಕೆ ಸಹಿ ಹಾಕ್ತೀನಿ. ಅಪ್ಪನಾಣೆ."

ಗರಗಸದ ಸದ್ದು ನಿಂತಿತು. ಎಲ್ಲರೂ ಅಂಗಳಕ್ಕೆ ಬಂದರು. ಭಾವ ಮೊದಲ ಏಣಿಯನ್ನು ಅಲುಗಾಡಿಸಿ ನೋಡಿದ. ಎರಡನೆಯದರ ಮೆಟ್ಟಿಲನ್ನು ಕಾಲಿನಿಂದ ಒತ್ತಿ, ಹಿಂದಕ್ಕೆ ಸರಿದ.

"ಇಲ್ಲಿ ನೆಲ ಸಮ ಇಲ್ಲ," ಎಂದ.

"ಕುಣಿಯೋಕೆ ಬಾರದೋಳು ನೆಲ ಡೊಂಕು ಅಂದಳಂತೆ," ಎಂದು ಹಿಂದಿನಿಂದ ಯಾರೋ ಗೊಣಗಿದರು.

ಭಾವ ಸಾಲಿನ ಉದ್ದಕ್ಕೂ ಹೋದ, ತಿರುಗಿ ಬಂದ. ಹಣೆಯ ಬೆವರು ಒರೆಸಿಕೊಂಡ. ಕೊನೆಗೆ ಮೆಲ್ಲಗೆ ಕೇಳಿದ:

"ಇದರಲ್ಲಿ... ಆ ಅಜ್ಜಿ ಮಾಡಿದ್ದು ಯಾವುದು?"

ತನ್ನ ಕಾಗದದ ಸುದ್ದಿಯೇ ಗೊತ್ತಿಲ್ಲದ ಮೆಟ್ಟಿಲಜ್ಜಿ ಸುತ್ತಿಗೆ ಹಿಡಿದುಕೊಂಡೇ ಮುಂದೆ ಬಂದಳು. "ಕೊನೇ ಮೂರು ನಂದೇ ಸ್ವಾಮಿ. ಧೈರ್ಯವಾಗಿ ಹತ್ತಿ."

ಅಂಗಳವೆಲ್ಲ ಗೊಳ್ಳೆಂದಿತು. ಭಾವ ಹತ್ತಲಿಲ್ಲ. ಅಣ್ಣ ಮುಖ ಕೆಂಪಗೆ ಮಾಡಿಕೊಂಡು ತಂಗಿಯ ಕೈಯಿಂದ ಕಾಗದ ಕಿತ್ತುಕೊಂಡು ನಾಲ್ಕು ಚೂರು ಮಾಡಿದ.

"ಬೋರ್ಡ್ ಬಿಚ್ಚಿಡ್ರಪ್ಪ," ಎಂದು ಏಣಿ ಅಕ್ಕ ಮಂಡಿಗೆ ಪಟ್ಟಿ ಬಿಗಿದುಕೊಂಡಳು. ಮೊದಲ ಏಣಿಯ ಮೇಲೆ ಕಾಲಿಟ್ಟಳು. ಅಣ್ಣ ಓಡಿ ಬಂದು ಬುಡವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಹತ್ತು, ನಾನಿದ್ದೀನಿ."

"ಕೈ ಬಿಡು," ಎಂದಳು ಅವಳು. "ಕೊಂಡೋನಿಗೆ ಬುಡ ಹಿಡ್ಕೊಳ್ಳೋಕೆ ಅಣ್ಣ ಬರಲ್ಲ."