ದಾರಿ ಕಡೆಗೆ ನೋಡುವ ಹಕ್ಕಿ

ಹಳೆಯ ಕುಪ್ಪಸಕ್ಕೆ ಕತ್ತರಿ ಹಾಕುವ ಮುನ್ನ ಒದೀಲಿಯಾ ಅದನ್ನು ತೊಡೆಯ ಮೇಲೆ ಹರಡಿಕೊಂಡು ಎರಡು ಹೆಗಲಿನ ಮೇಲೂ ಅಂಗೈಯಿಂದ ಮೆಲ್ಲಗೆ ತಟ್ಟುತ್ತಿದ್ದಳು. “ಒಡತಿ ಇದ್ದಲ್ಲೇ ಇರಲಿ, ಬಟ್ಟೆ ಮಾತ್ರ ಬರಲಿ” ಎಂದು ಬಾಯೊಳಗೇ ಹೇಳಿಕೊಳ್ಳುತ್ತಿದ್ದಳು. ಅವಳ ಊರಾದ ಸಾಂತಾ ಬೀಬಿಯಾನಾದ ಹೆಂಗಸರು ತಾವು ತೊಟ್ಟು ಹಳತಾದ ಕುಪ್ಪಸವನ್ನು ಬೇರೆಯವರಿಗೆ ಕೊಡುವಾಗ ಹೀಗೆ ತಟ್ಟಿ, ತಮ್ಮ ಹೆಸರನ್ನು ತಾವೇ ಕರೆದುಕೊಳ್ಳುತ್ತಾರೆ. ಇಲ್ಲದಿದ್ದರೆ ಜೀವದ ಒಂದು ಎಳೆ ಬಟ್ಟೆಯ ಜೊತೆಗೇ ಹೊರಟುಹೋಗುತ್ತದೆ. ಆದರೆ ಗಂಟಿನಲ್ಲಿ ಬಂದ ಬಟ್ಟೆಗೆ ಯಾರು ತಟ್ಟಿದರೋ, ಯಾರು ಮರೆತರೋ. ಹೆಸರು ಗೊತ್ತಿಲ್ಲದಿದ್ದರೂ ಇರಲಿ ಎಂದು ಒದೀಲಿಯಾ ತಾನೇ ತಟ್ಟುತ್ತಿದ್ದಳು.

ಗಂಟು ತರುತ್ತಿದ್ದವನು ಲೆಂಚೊ. ಅವನು ಪ್ಲಾಸ್ಟಿಕ್ ಬೋಗುಣಿ, ಕೊಡ, ಜರಡಿಗಳನ್ನು ಬೆನ್ನಿಗೆ ಕಟ್ಟಿಕೊಂಡು ಗುಡ್ಡದ ಊರುಗಳನ್ನು ಸುತ್ತಿ, ಅವುಗಳ ಬದಲಿಗೆ ಹಳೆಯ ಕುಪ್ಪಸ, ನಡುಪಟ್ಟಿ, ಜೋಳಿಗೆಬಟ್ಟೆ ತೆಗೆದುಕೊಳ್ಳುತ್ತಿದ್ದ. ಒದೀಲಿಯಾ ಅವನ್ನು ಬೂದಿನೀರಿನಲ್ಲಿ ಒಗೆದು, ನೆರಳಿನಲ್ಲಿ ಒಣಗಿಸಿ, ತಗಡಿನ ಮಾಡಿನ ಕೆಳಗೆ ಕಾಲಿನಿಂದ ತುಳಿಯುವ ಹೊಲಿಗೆ ಯಂತ್ರದ ಮುಂದೆ ಕೂರುತ್ತಿದ್ದಳು. ಎದೆಯ ಭಾಗ ಒಂದು ಚೀಲ, ಬೆನ್ನಿನದು ಇನ್ನೊಂದು. ಹೆಗಲಿನಿಂದ ಪುಟ್ಟ ಸಂಚಿಗಳು, ಉಳಿದ ಚೂರುಗಳಿಂದ ಬೊಂಬೆಗಳ ಲಂಗ. ಹರಿದ ಕತ್ತುಪಟ್ಟಿ ಬೊಂಬೆಯ ಹೊಟ್ಟೆಗೆ. ಒಂದು ಎಳೆಯನ್ನೂ ಅವಳು ಒಲೆಗೆ ಹಾಕುತ್ತಿರಲಿಲ್ಲ. ಊರಿನಲ್ಲಿ ಕೆಲವರು ಅವಳನ್ನು ‘ಕತ್ತರಿಯವಳು’ ಎನ್ನುತ್ತಿದ್ದರು. ನೇಯ್ದ ಬಟ್ಟೆಯನ್ನು ಕತ್ತರಿಸುವುದು ಕೂತು ಉಣ್ಣುವ ಮಣೆಯನ್ನು ಸೀಳಿದ ಹಾಗೆ ಎಂದು ಅವರ ಮಾತು. “ಇಲಿ ಕತ್ತರಿಸಿದ್ರೆ ಒಬ್ರೂ ಕೇಳಲ್ಲ, ನಾನು ಕತ್ತರಿಸಿದ್ರೆ ಊರಿಗೆಲ್ಲ ಹೊಟ್ಟೆನೋವು” ಎಂದು ಒದೀಲಿಯಾ ನಕ್ಕುಬಿಡುತ್ತಿದ್ದಳು.

ಜೋಳದ ತೆನೆ ಬಿಡಿಸುವ ಕಾಲ. ಒಂದು ಬೆಳಗ್ಗೆ ತೊರೀಬಿಯಜ್ಜಿ ಕೋಲೂರಿಕೊಂಡು ಅಂಗಳಕ್ಕೆ ಬಂದಳು. ಹಿಂದೆ ಸೊಸೆ ಮಾಕ್ಸಿಮಾ, ತಲೆ ತಗ್ಗಿಸಿಕೊಂಡು.

“ಒದೀಲಿಯಾ, ನನ್ ಮದುವೆ ಕುಪ್ಪಸ ನಿನ್ ಹತ್ರ ಬಂದದಂತೆ. ಕೊಟ್ಬುಡು ಮಗಳೇ. ನಾನು ಹೊರಡೋಕೆ ಬೇಕು.”

“ಎಲ್ಲಿಗೆ ಹೊರಟ್ರಿ ಅಜ್ಜಿ?”

“ಎಲ್ಲಿಗೇನು, ನನ್ ಗಂಡ ಕ್ರಿಸ್ಪೀನ್ ಹೋದ ಕಡೆಗೆ. ಇವತ್ತೇ ಅಲ್ಲ, ಗಾಬರಿ ಬೀಳ್ಬೇಡ. ಎಲ್ಲ ಜೋಡಿಸಿ ಇಡಾಣ ಅಂತ ಪೆಟ್ಟಿಗೆ ತೆಗೆದೆ. ಲಂಗ ಅದೆ, ನಡುಪಟ್ಟಿ ಅದೆ, ಬಾಚಣಿಗೆ ಅದೆ. ಕುಪ್ಪಸಾನೇ ಇಲ್ಲ. ಇವಳನ್ನ ಕೇಳಿದ್ರೆ, ಅದನ್ನ ಲೆಂಚೊಗೆ ಕೊಟ್ಟು ಹಸುರು ಬೋಗುಣಿ ತಗೊಂಡೆ ಅಂತಾಳೆ.”

“ಬಣ್ಣ ಹೋಗಿ ಬಿಳಿಚ್ಕೊಂಡಿತ್ತು ಕಣಕ್ಕ” ಎಂದಳು ಮಾಕ್ಸಿಮಾ. “ನಮ್ಮೂರಲ್ಲಿ ಯಾರೂ ಒಳಮಗ್ಗುಲನ್ನ ಹೊರಗೆ ಮಾಡಿ ತೊಡಲ್ಲ. ನಾನು ತಿರುಗಿಸಿ ನೋಡ್ಲೇ ಇಲ್ಲ.”

“ಬೋಗುಣಿ ಒಳ್ಳೇದೇ. ನನ್ನ ಅದ್ರೊಳಗೆ ಕೂರ್ಸಿ ಕಳ್ಸು. ಕ್ರಿಸ್ಪೀನು ಯಾವುದೋ ಕೋಳಿ ಬಂತು ಅಂದ್ಕೊಳ್ಲಿ.”

ಮಾಕ್ಸಿಮಾಳ ಕಣ್ಣು ತುಂಬಿತ್ತು. ಅವಳು ಕಣಿವೆಯಾಚೆಯಿಂದ ಮದುವೆಯಾಗಿ ಬಂದವಳು. ಸಾಂತಾ ಬೀಬಿಯಾನಾದಲ್ಲಿ ಮಾತ್ರ ಹೆಂಗಸರು ದಿನಬಳಕೆಗೆ ಕುಪ್ಪಸವನ್ನು ಮಗುಚಿ ತೊಡುತ್ತಾರೆ. ಒಲೆಯ ಹೊಗೆ, ಹೊಲದ ಬಿಸಿಲು, ಒಗೆಯುವ ಕಲ್ಲು, ಎಲ್ಲವೂ ಒಳಮೈಯನ್ನೇ ತಿನ್ನಲಿ ಎಂದು. ಹಬ್ಬದ ದಿನ ಬಂದಾಗ ಬಣ್ಣದ ಮೈ ಹೊರಗೆ. ಅದೂ ವರ್ಷಕ್ಕೆ ಒಂದೆರಡು ಸಲ.

ಒದೀಲಿಯಾ ಯಂತ್ರದ ಚಕ್ರದ ಮೇಲೆ ಕೈಯಿಟ್ಟು ನಿಲ್ಲಿಸಿದಳು. ಆ ಕುಪ್ಪಸ ಅವಳಿಗೆ ಚೆನ್ನಾಗಿ ನೆನಪಿತ್ತು. ಒಂದು ಮೈಯನ್ನು ಬಿಸಿಲು ತಿಂದು ಹುಲ್ಲಿನ ಬಣ್ಣಕ್ಕೆ ತಂದಿತ್ತು. ಮಗುಚಿದರೆ ಇನ್ನೊಂದು ಮೈ ಒಡೆದ ದಾಳಿಂಬೆಯ ಹಾಗೆ ಕೆಂಪಗಿತ್ತು. ಇದು ತನ್ನೂರಿನದೇ ಎಂದು ಅವಳಿಗೆ ಕಂಡ ಕೂಡಲೇ ತಿಳಿದಿತ್ತು. ಬದುಕಿರುವವರು ಇಂಥದ್ದನ್ನು ಕೈಬಿಡುವುದಿಲ್ಲ. ಒಡತಿ ಯಾವಾಗಲೋ ಮಣ್ಣಿಗೆ ಹೋಗಿರಬೇಕು, ಮನೆಯವರು ಪೆಟ್ಟಿಗೆ ಖಾಲಿ ಮಾಡಿರಬೇಕು ಎಂದುಕೊಂಡು, ತಟ್ಟಿ, ಕತ್ತರಿ ಹಾಕಿದ್ದಳು.

“ಅಜ್ಜಿ, ಅದನ್ನ ಕತ್ತರಿಸಿಬಿಟ್ಟೆ.”

ತೊರೀಬಿಯಜ್ಜಿ ಬೆಣ್ಣೆಹಣ್ಣಿನ ಮರಕ್ಕೆ ಕಟ್ಟಿದ್ದ ಸೊಂಟಕ್ಕೆ ಬಿಗಿದು ನೇಯುವ ಮಗ್ಗದ ಹಗ್ಗ ಗಾಳಿಗೆ ಅಲ್ಲಾಡುವುದನ್ನು ನೋಡುತ್ತ ನಿಂತಳು.

“ಅದಕ್ಕೇ ಇರ್ಬೇಕು,” ಎಂದಳು ಕೊನೆಗೆ. “ಬಿತ್ತನೆ ಕಾಲದಿಂದ ಹೆಗಲು ತಣ್ಣಗೆ ಕೊರೀತದೆ. ನಾನು ವಯಸ್ಸು ಅಂದ್ಕೊಂಡಿದ್ದೆ.”

ಒದೀಲಿಯಾ ಅವಳನ್ನು ಕೈಹಿಡಿದು ಕೂರಿಸಿದಳು. ಒಳಗಿನಿಂದ ಬಿಸಿ ಜೋಳದ ಗಂಜಿ ತಂದುಕೊಟ್ಟಳು. ಅಜ್ಜಿ ಎರಡೂ ಕೈಯಲ್ಲಿ ಬಟ್ಟಲು ಹಿಡಿದುಕೊಂಡಳೇ ಹೊರತು ಕುಡಿಯಲಿಲ್ಲ.

“ಹೊಸದನ್ನ ನೇಯ್ದು ಕೊಡ್ತೀನಿ ಅಜ್ಜಿ. ನೀವು ಪಕ್ಕದಲ್ಲಿ ಕೂತು ಹೇಳಿ, ಎಳೆ ಎಳೆ ಹಾಗೇ ಹಾಕ್ತೀನಿ.”

“ನೀನು ನೇಯ್ದಿದ್ರಲ್ಲಿ ನೀನಿರ್ತೀಯ. ಆಮೇಲೆ ಅವನು ಅಲ್ಲಿ ನನ್ನ ಬಿಟ್ಟು ನಿನ್ನ ಹುಡುಕ್ಕೊಂಡು ಹೊರಟ್ರೆ, ನಿನ್ನ ಗಂಡ ಸುಮ್ನಿರ್ತಾನಾ?” ಅಜ್ಜಿಯ ಬಾಯಿ ನಕ್ಕಿತು, ಕಣ್ಣು ನಗಲಿಲ್ಲ. “ನಿಂಗೆ ಗೊತ್ತಲ್ಲ. ಅಲ್ಲಿರೋರು ಮುಖ ನೋಡಿ ಗುರುತು ಹಿಡಿಯಲ್ಲ. ಮುಖ ಇಲ್ಲೇ ಮಣ್ಣಾಗ್ತದೆ. ಬಟ್ಟೆ ನೋಡಿ ಬಾ ಅಂತಾರೆ. ಅವನು ಹೋದಾಗ ನಂಗಿನ್ನೂ ಕೂದಲು ಕಪ್ಪು, ಬಾಯಿ ತುಂಬ ಹಲ್ಲು. ಈಗ ಈ ಅವತಾರದಲ್ಲಿ ಹೋಗಿ ಮುಂದೆ ನಿಂತ್ರೆ ಯಾರವ್ವ ನೀನು ಅನ್ನಲ್ವಾ? ಆ ಹಕ್ಕಿ ಇದ್ರೆ ಸಾಕಿತ್ತು.”

“ಯಾವ ಹಕ್ಕಿ?”

“ಎದೆ ಮೇಲೆ ಸಾಲಾಗಿ ಹಕ್ಕಿ ನೇಯ್ದಿದ್ದೆ. ಮರದ ಕೆಳಗೆ ಕೂತಿದ್ದೆ, ದಾರಿ ನನ್ನ ಬಲಕ್ಕೆ. ಇವನು ಸೌದೆ ಹೊತ್ಕೊಂಡು ಹೋಗ್ತಿದ್ದೋನು ಸುಮ್ನೆ ಹೋಗ್ಬಾರ್ದಾ, ಸಿಳ್ಳೆ ಹಾಕ್ದ. ಎಳೆ ಲೆಕ್ಕ ತಪ್ತು. ಎಲ್ಲ ಹಕ್ಕಿ ಎಡಕ್ಕೆ ನೋಡ್ತಿದ್ವು, ಅದೊಂದು ಬಲಕ್ಕೆ ತಿರುಗ್ತು, ದಾರಿ ಕಡೆಗೆ. ಅವ್ವ ಬಿಚ್ಚು ಅಂದ್ಲು, ನಾನು ಬಿಚ್ಲಿಲ್ಲ. ಅವನು ಸಾಯೋವರೆಗೂ ಅದನ್ನ ಹಿಡ್ಕೊಂಡು ರೇಗಿಸ್ದ. ನಿನ್ನ ಹಕ್ಕಿ ಇವತ್ತು ಯಾರನ್ನ ನೋಡ್ತದೆ ಅಂತಿದ್ದ, ಒಲೆ ಮುಂದೆ ಕೂತು.”

ಒದೀಲಿಯಾಳಿಗೆ ಆ ಹಕ್ಕಿಯೂ ನೆನಪಿತ್ತು. ಸಾಲಿನಲ್ಲಿ ಒಂದೇ ಒಂದು ಬೆನ್ನು ತಿರುಗಿಸಿದ್ದುದನ್ನು ಕಂಡು, ಅದು ಚೀಲದ ನಟ್ಟನಡುವೆ ಬರುವ ಹಾಗೆ ಅಳೆದು ಕತ್ತರಿಸಿದ್ದಳು. ಕೊಳ್ಳಲು ಬರುವ ಪರದೇಶದವರು ಅಂಥದ್ದನ್ನು ಬೆರಳಿಟ್ಟು ತೋರಿಸಿ ಮೆಚ್ಚುತ್ತಾರೆ. ಬೆನ್ನಿನ ಚೀಲ, ಹೆಗಲ ಸಂಚಿಗಳು ಆಗಲೇ ಯಾವ ಯಾವ ದೇಶಕ್ಕೋ ಹೋಗಿಯಾಗಿತ್ತು. ಹಕ್ಕಿಯ ಚೀಲ ಮಾತ್ರ ಅವಳ ಚೀಲಗಳನ್ನು ಮಾರುವ ಆಂತಿಗ್ವಾ ಪಟ್ಟಣದ ಅಂಗಡಿಯ ಗಾಜಿನ ಹಿಂದೆ ತೂಗುತ್ತಿದ್ದುದನ್ನು ಹೋದ ಸಲ ಕಂಡಿದ್ದಳು.

“ನಾಳೆ ಹೋಗಿ ತರ್ತೀನಿ” ಎಂದಳು. ಇದ್ದರೆ, ಎಂದು ಸೇರಿಸಲಿಲ್ಲ.

ಮರುದಿನ ಮೊದಲ ಬಸ್ಸಿಗೇ ಹೊರಟಳು. ಬಸ್ಸಿನ ತಲೆಯ ಮೇಲೆ ಸೀಮೆಬದನೆಯ ಬುಟ್ಟಿಗಳು, ಒಳಗೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತ ಜನ. ತಿರುವು ತಿರುವಿಗೂ ಎಲ್ಲರೂ ಒಟ್ಟಿಗೇ ವಾಲುತ್ತಿದ್ದರು. ಒದೀಲಿಯಾ ಮಡಿಲಲ್ಲಿ ಹೊಸ ಚೀಲವೊಂದನ್ನು ಇಟ್ಟುಕೊಂಡಿದ್ದಳು. ಅವಳು ಈವರೆಗೆ ಹೊಲಿದವುಗಳಲ್ಲೇ ಒಳ್ಳೆಯದು. ಬದಲಿಗೆ ಕೊಡೋಣ ಎಂದು.

ಅಂಗಡಿಯ ಗಾಜಿನ ಹಿಂದೆ ಹಕ್ಕಿಯ ಚೀಲ ಇರಲಿಲ್ಲ. ಅದು ತೂಗುತ್ತಿದ್ದ ಮೊಳೆಯಲ್ಲಿ ಬೊಂಬೆಗಳ ಮಾಲೆ ನೇತಾಡುತ್ತಿತ್ತು. ಒದೀಲಿಯಾ ಬಾಗಿಲಲ್ಲೇ ನಿಂತುಬಿಟ್ಟಳು.

“ಒಳಗೆ ಬಾರೇ, ಯಾಕೆ ಅಲ್ಲೇ ನಿಂತೆ?” ಎಂದರು ಅಂಗಡಿಯ ಯಜಮಾನಿ ದೋನ್ಯಾ ಗ್ರಾಸಿಯೆಲಾ. ಆಗಷ್ಟೇ ಬೀಗ ತೆಗೆದು ಬೀಗದಕೈಯನ್ನು ಹೆಗಲ ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು. ಅದೇ ಚೀಲ. ನಡುವೆ ಆ ಒಂಟಿ ಹಕ್ಕಿ.

“ಅಮ್ಮಾ, ಅದು ಮಾರಾಟ ಆಗ್ಲಿಲ್ವಾ?”

“ಕೇಳಿದವರಿಗೆಲ್ಲ ಇಲ್ಲ ಅಂದೆ. ಇದು ನನಗೇ ಇರಲಿ ಅಂತ ಎತ್ತಿಟ್ಕೊಂಡೆ. ಎಷ್ಟು ವರ್ಷದಿಂದ ನಿನ್ನ ಚೀಲ ಮಾರ್ತಿದೀನಿ, ನಂದು ಅಂತ ಒಂದಿರಲಿಲ್ಲ ನೋಡು.”

ಒದೀಲಿಯಾಳಿಗೆ ಅದು ಕಷ್ಟವಾಯಿತು. ಪರದೇಶದವರ ಕೈಗೆ ಹೋಗಿದ್ದರೆ ಸಿಗಲಿಲ್ಲ ಎಂದು ಹೇಳಿ ಮುಗಿಸಬಹುದಿತ್ತು. ತನ್ನ ಕೆಲಸವನ್ನು ಮೆಚ್ಚಿ ಇಟ್ಟುಕೊಂಡವರ ಹೆಗಲಿನಿಂದ ಇಳಿಸಿಕೊಡಿ ಎಂದು ಹೇಗೆ ಕೇಳುವುದು? ಸುತ್ತಿ ಬಳಸಿ ಹೇಳೋಣ ಎಂದುಕೊಂಡವಳ ಬಾಯಿಂದ ಬಂದದ್ದು ಒಂದೇ ಮಾತು.

“ಅದರ ಒಡತಿ ಬದುಕಿದ್ದಾರೆ ಅಮ್ಮ.”

“ಒಡತಿಯರೆಲ್ಲ ಹೋದವರು ಅಂದಿದ್ಯಲ್ಲೇ?”

“ನಾನೂ ಹಾಗೇ ಅಂದ್ಕೊಂಡಿದ್ದೆ. ಬದುಕಿದ್ದಾರೆ. ಹೊರಡೋಕೆ ಅದೇ ಬೇಕಂತೆ.”

ದೋನ್ಯಾ ಗ್ರಾಸಿಯೆಲಾ ಇವಳ ಮುಖ ನೋಡಿದರು. ಆಮೇಲೆ ಚೀಲವನ್ನು ಮೇಜಿನ ಮೇಲಿಟ್ಟು ಒಂದೊಂದಾಗಿ ಹೊರಗೆ ತೆಗೆಯತೊಡಗಿದರು. ಬೀಗದಕೈ, ಫೋನು, ಕರವಸ್ತ್ರ, ಅರ್ಧ ತಿಂದ ಸಿಹಿ ಬ್ರೆಡ್ಡು. ತಳದಲ್ಲಿದ್ದ ಬ್ರೆಡ್ಡಿನ ಪುಡಿಯನ್ನೂ ಬಾಗಿಲಾಚೆ ಕೊಡವಿದರು. ಒದೀಲಿಯಾ ತಾನು ತಂದಿದ್ದ ಹೊಸ ಚೀಲ ಮುಂದಿಟ್ಟಳು. ಅವರು ಅದನ್ನು ತಿರುಗಿಸಿ ನೋಡಿ, “ಇದರ ಒಡತಿ ಹೇಗಿದ್ದಾರೆ ಅಂತ ಮೊದಲು ವಿಚಾರಿಸಿದೀಯ ತಾನೇ?” ಎಂದರು.

“ನಮ್ಮ ಅತ್ತೇದು ಅಮ್ಮ. ಅವರ ಗಟ್ಟಿ ಎಲುಬು ನಿಮಗೆ ಗೊತ್ತಲ್ಲ, ನಮ್ಮನ್ನೆಲ್ಲ ಹೂತೇ ಹೋಗೋದು. ಆದ್ರೆ ಅವರೇ ತಟ್ಟಿ ಕೊಟ್ಟಿದ್ದಾರೆ.”

ಸಂಜೆ ತೊರೀಬಿಯಜ್ಜಿಯ ಮನೆಯಲ್ಲಿ ಒಲೆ ಉರಿಯುತ್ತಿತ್ತು. ಮಾಕ್ಸಿಮಾ ಹಸುರು ಬೋಗುಣಿಯಲ್ಲಿ ನೆನೆಸಿದ್ದ ಜೋಳವನ್ನು ತೊಳೆಯುತ್ತಿದ್ದವಳು ಕೈ ಒರೆಸಿಕೊಂಡು ಎದ್ದಳು. ಒದೀಲಿಯಾ ಚೀಲವನ್ನು ಅಜ್ಜಿಯ ತೊಡೆಯ ಮೇಲಿಟ್ಟಳು.

ಅಜ್ಜಿ ಅದನ್ನು ಕಣ್ಣಿನ ಹತ್ತಿರ ಹಿಡಿದಳು, ದೂರ ಹಿಡಿದಳು. ಬೆರಳಿನಿಂದ ಹಕ್ಕಿಗಳನ್ನು ಸವರಿದಳು. ಆಮೇಲೆ ನಿಧಾನವಾಗಿ ತಲೆಯಾಡಿಸಿದಳು.

“ಇದು ನಂದಲ್ಲ ಮಗಳೇ.”

“ನಿಮ್ಮದೇ ಅಜ್ಜಿ. ನಾನೇ ಕತ್ತರಿಸಿದ್ದು.”

“ಯಾರದ್ದೋ ಕತ್ತರಿಸಿರ್ಬೇಕು. ನೋಡು, ಇದ್ರಲ್ಲಿ ಎಲ್ಲಾವೂ ಬಲಕ್ಕೆ, ಒಂದು ಎಡಕ್ಕೆ. ನಂದು ಬಲಕ್ಕೆ ನೋಡ್ತಿತ್ತು, ದಾರಿ ಕಡೆಗೆ. ಈ ಕೆಂಪೂ ನಂದಲ್ಲ. ಇಷ್ಟು ಕೆಂಪು ಯಾರು ತೊಡ್ತಾರೆ, ಹುಂಜದ ಜುಟ್ಟಿನ ಹಾಗೆ.” ಚೀಲವನ್ನು ಮೆಲ್ಲಗೆ ಮಡಿಸಿ ಹಿಂದಕ್ಕೆ ಕೊಟ್ಟಳು. “ಹೋಗ್ಲಿ ಬಿಡು. ನಿಂದೇನು ತಪ್ಪಿಲ್ಲ. ಬೇರೆ ಕುಪ್ಪಸ ತೊಟ್ಕೊಂಡು ಹೋಗ್ತೀನಿ. ಸಿಕ್ದಾಗ ಸಿಕ್ಲಿ.”

ಒದೀಲಿಯಾ ಚೀಲವನ್ನು ಒಲೆಯ ಬೆಳಕಿಗೆ ಹಿಡಿದು ನೋಡಿದಳು. ತಾನು ಬೇರೆ ಯಾರದೋ ತಂದೆನೇ? ಸಾಧ್ಯವಿಲ್ಲ. ಅಂಥ ಹಕ್ಕಿ ಅವಳ ಕೈಗೆ ಬಂದದ್ದು ಅದೊಂದೇ. ಒಲೆಯಲ್ಲಿ ಸೌದೆ ಸಿಡಿಯಿತು. ಬೆಳಕಿಗೆ ಎದುರು ನಿಂತಿದ್ದ ಮಾಕ್ಸಿಮಾ ಕುಪ್ಪಸವನ್ನು ತನ್ನ ಊರಿನ ಪದ್ಧತಿಯಂತೆ ಬಣ್ಣ ಹೊರಗೆ ಮಾಡಿ ತೊಟ್ಟಿದ್ದಳು. ಪಕ್ಕದಲ್ಲಿ ಅಜ್ಜಿ, ಬಣ್ಣ ಒಳಗೆ ಮಾಡಿ. ಒದೀಲಿಯಾ ಇಬ್ಬರನ್ನೂ ನೋಡಿದಳು. ಈ ಊರಿನಲ್ಲಿ ನೇಯುವಾಗಲೂ ಒಳಮೈಯೇ ಮೇಲಕ್ಕೆ, ಬಣ್ಣದ ಮೈ ನೆಲಕ್ಕೆ. ಅಜ್ಜಿ ನೇಯ್ದಾಗ ಕಂಡದ್ದು, ಕಲ್ಲಿನ ಮೇಲೆ ಒಗೆಯುವಾಗ ಕಂಡದ್ದು, ಒಲೆಯ ಮುಂದೆ ಕ್ರಿಸ್ಪೀನ್ ಕಂಡದ್ದು ಆ ಒಳಮೈಯೊಂದೇ.

“ಕತ್ತರಿ ಕೊಡು ಮಾಕ್ಸಿಮಾ” ಎಂದಳು.

ಒಳಗಿನ ಅಸ್ತರಿಯ ಹೊಲಿಗೆಯನ್ನು ಒಂದೊಂದೇ ಬಿಚ್ಚಿದಳು. ಬಾಯಿಗೆ ಹೊಲಿದಿದ್ದ ಜಿಪ್ಪನ್ನೂ ಬಿಚ್ಚಿದಳು. ಅಸ್ತರಿ ಕಳಚಿ ಬಂದ ಮೇಲೆ ಚೀಲವನ್ನು ಕೈತುರುಕಿ ಮಗುಚಿ, ಅಂಗೈಯಿಂದ ನೀವಿ, ಮತ್ತೆ ಅಜ್ಜಿಯ ತೊಡೆಯ ಮೇಲಿಟ್ಟಳು.

ಹುಲ್ಲಿನ ಬಣ್ಣ. ಹೊಗೆ ಹಿಡಿದು ಮಂಕಾದ ಹಕ್ಕಿಗಳು ಎಡಕ್ಕೆ ನೋಡುತ್ತಿದ್ದವು. ನಡುವಿನದೊಂದು ಬಲಕ್ಕೆ.

ತೊರೀಬಿಯಜ್ಜಿ ಬೆರಳನ್ನು ಅದರ ಮೇಲಿಟ್ಟಳು, ತೆಗೆಯಲಿಲ್ಲ.

“ಓ, ಇಲ್ಲಿದೀಯಾ” ಎಂದಳು. ಯಾರಿಗೆ ಹೇಳಿದಳೋ.

ತುಸು ಹೊತ್ತಿನ ಮೇಲೆ ಮಾಕ್ಸಿಮಾ ಮೆಲ್ಲಗೆ, “ಹಬ್ಬದ ದಿನ ಮಾವ ಬಣ್ಣದ ಮೈ ನೋಡಿರ್ಲಿಲ್ವಾ ಅತ್ತೆ?” ಎಂದು ಕೇಳಿದಳು.

“ಹಬ್ಬದ ದಿನ ಅವನು ಕುಡಿದು ಬಿದ್ದಿರ್ತಿದ್ದ. ಕುಪ್ಪಸ ಎಲ್ಲಿ ನೋಡ್ತಾನೆ, ಕಂಬಕ್ಕೂ ನಂಗೂ ವ್ಯತ್ಯಾಸ ತಿಳೀತಿರ್ಲಿಲ್ಲ.” ಅಜ್ಜಿ ಈ ಸಲ ಕಣ್ಣಲ್ಲೂ ನಕ್ಕಳು. “ಒದೀಲಿಯಾ, ಇದನ್ನ ಹೀಗೇ ಇಟ್ಟು ಹೊಲಿದುಬಿಡು. ಆ ಹಲ್ಲಿನ ಪಟ್ಟಿ ಬೇಡ, ಅಲ್ಲಿಗೆ ಹೋದ್ಮೇಲೆ ಸಿಕ್ಕೊಂಡ್ರೆ ಬಿಡಿಸೋರು ಯಾರು? ಹೆಂಗೂ ಹೋಗೋರ ಜೊತೆ ಒಂದು ಜೋಳಿಗೆ ಇಡ್ಬೇಕಲ್ಲ, ಬಾಚಣಿಗೆಗೆ, ದಾರಿ ರೊಟ್ಟಿಗೆ. ಮೈಮೇಲೆ ಇಲ್ದಿದ್ರೆ ಹೆಗಲ ಮೇಲಾದ್ರೂ ಇರ್ಲಿ.”

“ಉಳಿದ ಚೂರುಗಳು ಎಲ್ಲೆಲ್ಲೋ ಹೋದವು ಅಜ್ಜಿ. ಒಂದು ಸಲ ತಟ್ಟಿ ಕರ್ಕೊಳ್ಳಿ.”

ಅಜ್ಜಿ ಚೀಲದ ಮೇಲೆ ಅಂಗೈಯಿಂದ ತಟ್ಟಿ, ಕೆರೆಯ ದಡದಲ್ಲಿ ಆಡುತ್ತ ಮೈಮರೆತ ಹುಡುಗಿಯನ್ನು ಕರೆಯುವ ದನಿಯಲ್ಲಿ, “ತೊರೀಬಿಯಾ, ಬಾರೆ, ಕತ್ತಲಾಯ್ತು” ಎಂದಳು. ಆಮೇಲೆ ಗಂಜಿ ಬಿಸಿ ಮಾಡಿ ತರಲು ಸೊಸೆಗೆ ಹೇಳಿದಳು.

ಚೀಲ ಪೆಟ್ಟಿಗೆ ಸೇರುತ್ತದೆ ಎಂದು ಒದೀಲಿಯಾ ತಿಳಿದಿದ್ದಳು. ಆದರೆ ಮುಂದಿನ ಸಂತೆಯ ದಿನ ಅಜ್ಜಿ ಅದನ್ನು ಹೆಗಲಿಗೆ ಹಾಕಿಕೊಂಡು ಬಂದಳು. ಒಂದು ಕಡೆಯಿಂದ ಮೆಣಸಿನಕಾಯಿ, ಇನ್ನೊಂದು ಕಡೆಯಿಂದ ಸುಣ್ಣದ ಹೆಂಟೆ ಇಣುಕುತ್ತಿತ್ತು. ಒದೀಲಿಯಾಳ ಚಾಪೆಯ ಮುಂದೆ ಕೂತು ಕೆಂಪು ಹಳದಿ ಚೀಲಗಳನ್ನು ತಿರುವಿಹಾಕುತ್ತಿದ್ದ ಪರದೇಶದ ಹೆಂಗಸೊಬ್ಬಳು ತಲೆಯೆತ್ತಿ, ಅವೆಲ್ಲವನ್ನೂ ಬಿಟ್ಟು ಅಜ್ಜಿಯ ಹೆಗಲನ್ನೇ ತೋರಿಸಿದಳು. ಅದು ಬೇಕಂತೆ.

“ಏನಂತಾಳೆ?” ಎಂದಳು ಅಜ್ಜಿ.

“ನಿಮ್ಮ ಚೀಲ ಕೊಡ್ತೀರಾ ಅಂತಾರೆ.”

ತೊರೀಬಿಯಜ್ಜಿ ಆ ಹೆಂಗಸನ್ನು ಅಡಿಯಿಂದ ಮುಡಿಯವರೆಗೆ ನಿಧಾನವಾಗಿ ನೋಡಿದಳು.

“ಇನ್ನೂ ಬಳಕೇಲಿದೆ ಅನ್ನು. ಒಳಗಿನದು ಹೊರಗಿನದು ಎರಡೂ” ಎಂದು, ಚೀಲವನ್ನು ಹಕ್ಕಿ ಹೊರಕ್ಕೆ ಕಾಣುವಂತೆ ಹೆಗಲ ಮೇಲೆ ಸರಿಮಾಡಿಕೊಂಡು, ಈರುಳ್ಳಿ ಸಾಲಿನ ಕಡೆಗೆ ಕೋಲೂರಿಕೊಂಡು ಹೋದಳು.